ಲೋಹಕ್ಕೆ ಬಂದ ಶಾರೀರ

ವೈಬ್ರಾಫೋನ್ ಎಂಬ ವಾದ್ಯದಲ್ಲಿ ಒಂದು ಮೋಟಾರು ಇರುತ್ತದೆ. ಮೇಲೆ, ಪಿಯಾನೊ ಮನೆಗಳ ಕ್ರಮದಲ್ಲೇ ಜೋಡಿಸಿದ ಲೋಹದ ಪಟ್ಟಿಗಳು. ಪ್ರತಿ ಪಟ್ಟಿಯ ಕೆಳಗೆ ಆಯಾ ಸ್ವರಕ್ಕೆ ತಕ್ಕ ಉದ್ದದ ಕೊಳವೆ. ಕೊಳವೆಯ ಬಾಯಲ್ಲಿ ತೆಳ್ಳನೆಯ ಒಂದು ಬಿಲ್ಲೆ. ಬಿಲ್ಲೆಗಳನ್ನೆಲ್ಲ ಹೊತ್ತ ಸರಳನ್ನು ಮೋಟಾರು ತಿರುಗಿಸುತ್ತದೆ. ಬಿಲ್ಲೆ ಅಡ್ಡವಾದಾಗ ಕೊಳವೆಯ ಬಾಯಿ ಮುಚ್ಚಿ ನಾದ ಕುಗ್ಗುತ್ತದೆ, ನೆಟ್ಟಗಾದಾಗ ಬಾಯಿ ತೆರೆದು ನಾದ ತುಂಬಿಕೊಳ್ಳುತ್ತದೆ. ಕೋಲಿನಿಂದ ಒಂದೇ ಸಲ ಬಡಿದರೂ ಸ್ವರ ಅಲೆಯಲೆಯಾಗಿ ಕೇಳುವುದು ಇದರಿಂದ. ಜಾಝ್ ಸಂಗೀತದಲ್ಲಿ ಈ ವಾದ್ಯವನ್ನು ಮೊದಲು ಮನೆಮಾತು ಮಾಡಿದ ಲಯೊನೆಲ್ ಹ್ಯಾಂಪ್ಟನ್ ಸೆಕೆಂಡಿಗೆ ಸುಮಾರು 10 ಸುತ್ತಿನ ವೇಗ ಇಟ್ಟುಕೊಳ್ಳುತ್ತಿದ್ದರು. ಅವರನ್ನು ಕೇಳಿಯೇ ಈ ವಾದ್ಯಕ್ಕೆ ಒಲಿದ ಮಿಲ್ಟ್ ಜಾಕ್ಸನ್ ಆ ವೇಗವನ್ನು ಸುಮಾರು 3.3 ಸುತ್ತಿಗೆ ಇಳಿಸಿದರು. ಜಾಕ್ಸನ್ನರ ಅರ್ಧ ಶತಮಾನದ ವೃತ್ತಿಯ ತಿರುಳು ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿದೆ ಎಂಬುದು ನನ್ನ ವಾದ. ತಯಾರಕರು ಯಾವ ಗುಣವನ್ನು ವಾದ್ಯದ ಹೆಗ್ಗಳಿಕೆಯೆಂದು ಮಾರಿದರೋ ಅದನ್ನೇ ತಗ್ಗಿಸಿ, ಅಲ್ಲಿ ತೆರವಾದ ಜಾಗಕ್ಕೆ ಅವರು ಹಾಡುಗಾರಿಕೆಯನ್ನು ತಂದರು. ಯಂತ್ರದ ನಡುಕ ಹಿಂದೆ ಸರಿದ ಮೇಲೆಯೇ ಈ ಲೋಹದ ಪಟ್ಟಿಗಳಿಗೆ ಒಂದು ಶಾರೀರ ಬಂತು.

ಕರ್ನಾಟಕ ಸಂಗೀತ ಕೇಳಿ ಬಲ್ಲವರು ಕಂಪನ ಎಂದೊಡನೆ ಗಮಕವನ್ನು ನೆನೆಯುತ್ತಾರೆ. ಇಲ್ಲಿನದು ಅದಲ್ಲ. ಗಮಕದಲ್ಲಿ ಸ್ವರಸ್ಥಾನವೇ ತೂಗುತ್ತದೆ. ವೈಬ್ರಾಫೋನಿನಲ್ಲಿ ಸ್ವರಸ್ಥಾನ ಅಲುಗದು, ನಾದದ ಗಾತ್ರ ಮಾತ್ರ ಏರಿಳಿಯುತ್ತದೆ. ಪಟ್ಟಿಯನ್ನು ಬಡಿದ ಕ್ಷಣದಿಂದಲೇ ಸ್ವರ ಸಾಯತೊಡಗುತ್ತದೆ. ಪಿಟೀಲಿನ ಕಮಾನಿನಂತೆ ಅದನ್ನು ಎಳೆದು ಬೆಳೆಸಲಾಗದು, ಕೊಳಲಿನಂತೆ ಉಸಿರು ತುಂಬಲಾಗದು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲೂ ಆಗದು. ಇತ್ತ ಬ್ಲೂಸ್ ಎಂಬ ಹಾಡಿನ ಪರಂಪರೆ ನಿಂತಿರುವುದೇ ಜಾರುವ, ಬಾಗುವ, ಗದ್ಗದವಾಗುವ ಸ್ವರಗಳ ಮೇಲೆ. ಬಾಗದ ಲೋಹದಲ್ಲಿ ಬಾಗುವ ಹಾಡನ್ನು ನುಡಿಸುವುದು ಹೇಗೆ ಎಂಬುದೇ ಜಾಝ್ ವೈಬ್ರಾಫೋನ್ ವಾದಕನ ಎದುರಿಗಿದ್ದ ಪ್ರಶ್ನೆ. ಜಾಕ್ಸನ್ ಅದಕ್ಕೆ ಕೊಟ್ಟ ಉತ್ತರದ ಬೆಲೆ ತಿಳಿಯಬೇಕಾದರೆ ಅವರಿಗೂ ಮುಂಚೆ ಈ ವಾದ್ಯದ ಪಾಡು ಏನಿತ್ತು ಎಂದು ನೋಡಬೇಕು.

ವೈಬ್ರಾಫೋನ್ ಹುಟ್ಟಿದ್ದು ಕಾರ್ಖಾನೆಯಲ್ಲಿ. ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಲೀಡಿ ಕಂಪನಿ 1916ರ ಸುಮಾರಿಗೆ ಉಕ್ಕಿನ ಪಟ್ಟಿಗಳ ಮರಿಂಬಾ ಎಂಬ ವಾದ್ಯಕ್ಕೆ ತಿರುಗುವ ಬಿಲ್ಲೆಗಳನ್ನು ಅಳವಡಿಸುವ ಪ್ರಯೋಗ ನಡೆಸಿತು. 1920ರ ದಶಕದ ಆರಂಭದಲ್ಲಿ ಆ ವಾದ್ಯ ವೈಬ್ರಾಫೋನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1927ರಲ್ಲಿ ಷಿಕಾಗೋದ ಡೀಗನ್ ಕಂಪನಿ ಅದನ್ನು ಸುಧಾರಿಸಿತು: ಉಕ್ಕಿನ ಬದಲು ಅಲ್ಯೂಮಿನಿಯಂ ಪಟ್ಟಿ, ಮತ್ತು ಪಿಯಾನೊದಲ್ಲಿರುವಂತೆ ಕಾಲಿನಿಂದ ಒತ್ತುವ ಪೆಡಲ್. ಪೆಡಲ್ ಒತ್ತಿದರೆ ಪಟ್ಟಿಗಳಿಗೆ ತಾಗಿದ ಮೆತ್ತೆ ಕೆಳಗಿಳಿದು ಸ್ವರ ಉಳಿಯುತ್ತದೆ, ಬಿಟ್ಟರೆ ಮೆತ್ತೆ ಮೇಲೆದ್ದು ಸ್ವರವನ್ನು ಅಡಗಿಸುತ್ತದೆ. ವೈಬ್ರಾಫೋನ್ ಎಂಬ ಹೆಸರು ಪ್ರತಿಸ್ಪರ್ಧಿಯದಾದ್ದರಿಂದ ಡೀಗನ್ ತನ್ನದನ್ನು ವೈಬ್ರಾಹಾರ್ಪ್ ಎಂದು ಕರೆಯಿತು. ಜಾಕ್ಸನ್ ನುಡಿಸುತ್ತಿದ್ದುದು ಡೀಗನ್ ವಾದ್ಯವನ್ನೇ. ಆ ದಿನಗಳಲ್ಲಿ ಇವನ್ನು ಕೊಳ್ಳುತ್ತಿದ್ದವರು ಹೆಚ್ಚಾಗಿ ವಾಡೆವಿಲ್ ಎಂಬ ವಿನೋದ ರಂಗದ ಕಲಾವಿದರು. ಹಾಡು, ಕುಣಿತ, ದೊಂಬರಾಟಗಳ ನಡುವೆ ಒಂದೆರಡು ನಿಮಿಷ ಸಭೆಯನ್ನು ಬೆರಗುಗೊಳಿಸಲು ಅವರಿಗೆ ಈ ತೇಲುವ ದನಿ ಬೇಕಿತ್ತು. ಎಂದರೆ ವಾದ್ಯ ಹುಟ್ಟಿದ್ದು ಬೆರಗಿಗಾಗಿ, ಅದರ ಬೆರಗೆಲ್ಲ ಮೋಟಾರಿನಲ್ಲಿತ್ತು. ಒಂದು ಸ್ವರ ಬಾರಿಸಿದರೂ ಸಾಕು, ಉಳಿದದ್ದನ್ನು ಯಂತ್ರವೇ ನೋಡಿಕೊಳ್ಳುತ್ತಿತ್ತು.

ಇದನ್ನು ಜಾಝ್ ವಾದ್ಯವನ್ನಾಗಿ ಮಾಡಿದ ಕೀರ್ತಿ ಹ್ಯಾಂಪ್ಟನ್‌ಗೆ ಸಲ್ಲಬೇಕು. ಮೂಲತಃ ಡ್ರಮ್ ವಾದಕರಾದ ಅವರು 1930ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆ ಧ್ವನಿಮುದ್ರಣಕ್ಕೆ ಹೋದಾಗ ಸ್ಟುಡಿಯೊದಲ್ಲಿದ್ದ ವೈಬ್ರಾಫೋನನ್ನು ನುಡಿಸಿದರು. ‘ಮೆಮೊರೀಸ್ ಆಫ್ ಯೂ’ ಎಂಬ ಆ ಮುದ್ರಿಕೆಯಿಂದಲೇ ಜಾಝ್‌ನಲ್ಲಿ ಈ ವಾದ್ಯದ ಕಥೆ ಆರಂಭವೆಂದು ಇತಿಹಾಸಕಾರರು ಎಣಿಸುತ್ತಾರೆ. 1936ರಲ್ಲಿ ಅವರು ಬೆನ್ನಿ ಗುಡ್‌ಮನ್ ಚತುಷ್ಟಯ ಸೇರಿದರು. ಬಿಳಿಯರಾದ ಗುಡ್‌ಮನ್, ಜೀನ್ ಕ್ರೂಪಾ ಅವರೊಂದಿಗೆ ಕಪ್ಪು ಕಲಾವಿದರಾದ ಟೆಡ್ಡಿ ವಿಲ್ಸನ್, ಹ್ಯಾಂಪ್ಟನ್ ಒಂದೇ ವೇದಿಕೆಯಲ್ಲಿ ಕೂತು ನುಡಿಸಿದ್ದು ವರ್ಣಭೇದದ ಅಮೆರಿಕದಲ್ಲಿ ದೊಡ್ಡ ಘಟನೆ. ವಾದಕರಾಗಿ ಹ್ಯಾಂಪ್ಟನ್ನರ ಬಲವಿದ್ದುದು ಲಯದಲ್ಲಿ. ಪಟ್ಟಿಗಳು ಅವರ ಕೈಗೆ ಶ್ರುತಿ ಇರುವ ಡ್ರಮ್ಮುಗಳಾಗಿದ್ದವು. ಒಂದೇ ಸ್ವರವನ್ನು ಮರಳಿ ಮರಳಿ ಬಡಿದು ಸಭೆಯನ್ನು ಕಾವೇರಿಸುವುದು ಅವರ ಬಾನಿ. ಆ ಬಾನಿಗೆ ವೇಗದ ಮೋಟಾರು ಹೊಂದುತ್ತಿತ್ತು. ಅವರು ಮೆಲ್ಲನೆಯ ಹಾಡುಗಳನ್ನು ನುಡಿಸಲೇ ಇಲ್ಲವೇ ಎಂದು ಕೇಳಬಹುದು. ನುಡಿಸಿದರು, 1947ರ ‘ಮಿಡ್‌ನೈಟ್ ಸನ್’ ಎಂಬ ನವಿರಾದ ರಚನೆಯಲ್ಲಿ ಅವರ ಪಾಲೂ ಇದೆ. ಆದರೆ ಅಲ್ಲಿಯೂ ಸ್ವರದ ಮೇಲೆ ಮಿನುಗು ಮುಸುಕಿರುತ್ತದೆ, ದೀಪಾಲಂಕಾರದ ಹಿಂದಿನ ಗೋಪುರದ ಹಾಗೆ. ಮಿನುಗು ಎಲ್ಲ ಸ್ವರಗಳಿಗೂ ಒಂದೇ ಸಮನಾಗಿ ಅಂಟಿದಾಗ ಈ ಸ್ವರ ನೋವಿನದು, ಆ ಸ್ವರ ನಗುವಿನದು ಎಂಬ ಭೇದ ಕಿವಿಗೆ ಸಿಗುವುದು ಕಷ್ಟ.

ಮಿಲ್ಟ್ ಜಾಕ್ಸನ್ ಹುಟ್ಟಿದ್ದು 1923ರ ಜನವರಿ 1ರಂದು, ಮೋಟಾರು ಕಾರ್ಖಾನೆಗಳ ನಗರ ಡೆಟ್ರಾಯಿಟ್‌ನಲ್ಲಿ. ಏಳನೆಯ ವಯಸ್ಸಿಗೆ ಗಿಟಾರು, ಹನ್ನೊಂದಕ್ಕೆ ಪಿಯಾನೊ. ಮಿಲ್ಲರ್ ಹೈಸ್ಕೂಲಿನಲ್ಲಿ ಡ್ರಮ್, ಟಿಂಪನಿ, ಝೈಲೊಫೋನುಗಳ ಪಾಠ. ಇವೆಲ್ಲಕ್ಕಿಂತ ಮೊದಲು ಬಂದದ್ದು ಚರ್ಚು. ಕಪ್ಪು ಜನರ ಪ್ರಾರ್ಥನಾ ಸಭೆಗಳಲ್ಲಿ ಕೇಳಿದ ಹಾಡು ಅವರ ಮೊದಲ ಸಂಗೀತ, ಮತ್ತು ಹರೆಯದಲ್ಲಿ ಅವರು ಗಾಸ್ಪೆಲ್ ಗಾಯಕರ ತಂಡವೊಂದರಲ್ಲಿ ಹಾಡುತ್ತಿದ್ದರು. ಹೀಗಾಗಿ ವೈಬ್ರಾಫೋನ್ ಮುಟ್ಟುವ ಹೊತ್ತಿಗೆ ಹಾಡು ಎಂದರೆ ಏನು ಎಂಬುದು ಅವರೊಳಗೆ ನೆಲೆಯೂರಿತ್ತು: ಒಬ್ಬರು ಒಂದು ಸಾಲು ಎತ್ತುತ್ತಾರೆ, ಸಭೆ ಉತ್ತರ ಕೊಡುತ್ತದೆ, ಸಾಲಿನ ಕೊನೆಯ ಸ್ವರವನ್ನು ಉಸಿರು ಮುಗಿಯುವವರೆಗೆ ಹಿಡಿದು ಮೆಲ್ಲಗೆ ನಡುಗಿಸಿ ಬಿಡುತ್ತಾರೆ. ಹಾಡುವವರ ಕೊರಳು ಸೆಕೆಂಡಿಗೆ ಹತ್ತು ಸಲ ನಡುಗುವುದಿಲ್ಲ. ಜಾಕ್ಸನ್ ಮೋಟಾರನ್ನು ನಿಧಾನಗೊಳಿಸಿದಾಗ ಪಟ್ಟಿಯ ಕಂಪನ ಮನುಷ್ಯನ ಕೊರಳಿನ ಕಂಪನದ ಹತ್ತಿರಕ್ಕೆ ಬಂತು. ಗಿಡ್ಡ ಸ್ವರ ಕಂಪನ ಶುರುವಾಗುವ ಮೊದಲೇ ಮುಗಿದು ನೇರವಾಗಿ, ಮಾತಿನಂತೆ ಕೇಳುತ್ತದೆ. ಉದ್ದದ ಸ್ವರ ಮಾತ್ರ ಕೊನೆಯಲ್ಲಿ ತೂಗುತ್ತದೆ. ಎಲ್ಲಕ್ಕೂ ಒಂದೇ ಮಿನುಗು ಹಚ್ಚುತ್ತಿದ್ದ ಯಂತ್ರ ಈಗ ಸ್ವರ ಸ್ವರಕ್ಕೂ ಭೇದ ತೋರಿಸತೊಡಗಿತು.

ಚರ್ಚಿನಲ್ಲಿ ಹಾಡಿದವರೆಲ್ಲ ಮಿಲ್ಟ್ ಜಾಕ್ಸನ್ ಆಗಲಿಲ್ಲವಲ್ಲ ಎಂಬುದು ಇದಕ್ಕೆ ಸಹಜವಾಗಿ ಏಳುವ ಆಕ್ಷೇಪ. ಕಪ್ಪು ಕಲಾವಿದನ ಹೆಸರು ಬಂದೊಡನೆ ಚರ್ಚು, ಬ್ಲೂಸ್ ಎಂದು ಹೇಳಿ ಅವನ ವಿದ್ಯೆಯನ್ನು ಹುಟ್ಟುಗುಣವೆಂದು ತಳ್ಳಿಹಾಕುವ ಬರವಣಿಗೆ ಬೇಕಾದಷ್ಟಿದೆ. ಆ ಎಚ್ಚರ ಅಗತ್ಯ. ನಾನು ಹೇಳುತ್ತಿರುವುದು ಚರ್ಚು ಅವರಿಗೆ ಪ್ರತಿಭೆ ಕೊಟ್ಟಿತು ಎಂದಲ್ಲ, ಅಳತೆಗೋಲು ಕೊಟ್ಟಿತು ಎಂದು. ವಾದ್ಯ ಏನು ಮಾಡಬಲ್ಲದು ಎಂದು ವಾದ್ಯವನ್ನೇ ಕೇಳುವವನು ವಾದ್ಯದ ಮಿತಿಯೊಳಗೇ ಉಳಿಯುತ್ತಾನೆ. ಹಾಡು ಹೇಗಿರಬೇಕೆಂದು ಮೊದಲೇ ಬಲ್ಲವನು ವಾದ್ಯವನ್ನು ಅದಕ್ಕೆ ಬಗ್ಗಿಸುತ್ತಾನೆ. ಆ ಬಗ್ಗಿಸುವ ಕೆಲಸಕ್ಕೆ ಬೇಕಾದದ್ದು ಶುದ್ಧ ಸಾಧನೆ: ಯಾವ ಸ್ವರವನ್ನು ಕೇಳಿದರೂ ಗುರುತಿಸುವ ಕಿವಿ, ಪಿಯಾನೊ ಕಲಿಕೆಯಿಂದ ಬಂದ ಹಾರ್ಮನಿಯ ಜ್ಞಾನ, ಕೋಲಿನ ತೂಕದ ಲೆಕ್ಕ, ಪೆಡಲಿನ ಮೇಲೆ ನಾಲಗೆಯಷ್ಟು ಚುರುಕಾದ ಕಾಲು. ಬಾಗದ ಸ್ವರವನ್ನು ಬಾಗಿದಂತೆ ಕೇಳಿಸುವುದಕ್ಕೆ ಜಾಕ್ಸನ್ ಬಳಸಿದ ಒಂದು ದಾರಿ ಪಕ್ಕದ ಸ್ವರವನ್ನು ಮಿಂಚಿನಂತೆ ತಾಕಿ ಮುಖ್ಯ ಸ್ವರಕ್ಕೆ ಬೀಳುವುದು; ಇನ್ನೊಂದು, ಸಾಲಿನೊಳಗೆ ಕೆಲವು ಸ್ವರಗಳನ್ನು ಕೇಳಿಯೂ ಕೇಳದಷ್ಟು ಮೆತ್ತಗೆ ಬಡಿದು ಮುಂದಿನದಕ್ಕೆ ಒತ್ತು ಕೊಡುವುದು. ಕಿವಿ ನಡುವಿನ ಜಾರನ್ನು ತಾನೇ ತುಂಬಿಕೊಳ್ಳುತ್ತದೆ. ಇದು ಕೈಗೆ ಬರುವುದು ವರ್ಷಗಟ್ಟಲೆ ಕೂತು ಸಾಧಿಸಿದವರಿಗೆ.

ಆ ಸಾಧನೆಯ ಪರೀಕ್ಷೆ ನಡೆದದ್ದು ಬೀಬಾಪ್ ಕಾಲದಲ್ಲಿ. 1945ರಲ್ಲಿ ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ ಡೆಟ್ರಾಯಿಟ್‌ನಲ್ಲಿ ಜಾಕ್ಸನ್‌ರನ್ನು ಕೇಳಿ ನ್ಯೂಯಾರ್ಕಿಗೆ ಬರಮಾಡಿಕೊಂಡರು. ಅದೇ ವರ್ಷದ ಕೊನೆಗೆ ಗಿಲೆಸ್ಪಿ, ಚಾರ್ಲಿ ಪಾರ್ಕರ್ ಜೊತೆ ಹಾಲಿವುಡ್‌ನ ಬಿಲ್ಲಿ ಬರ್ಗ್ ಕ್ಲಬ್ಬಿನಲ್ಲಿ ಅವರು ನುಡಿಸುತ್ತಿದ್ದರು. ಬೀಬಾಪ್ ಎಂದರೆ ಬಿರುಸಾದ ಲಯ, ಕ್ಷಣಕ್ಷಣಕ್ಕೂ ಬದಲಾಗುವ ಹಾರ್ಮನಿ, ಉದ್ದುದ್ದ ತಿರುವು ಸಾಲುಗಳು. ಆ ವೇಗದಲ್ಲಿ ಹಳೆಯ ನಡುಕ ಇದ್ದಿದ್ದರೆ ಸ್ವರಗಳು ಒಂದರ ಮೇಲೊಂದು ಕಲಸಿಹೋಗುತ್ತಿದ್ದವು. ಮೋಟಾರು ತಗ್ಗಿಸಿದ್ದರಿಂದ ಸ್ಯಾಕ್ಸೊಫೋನ್ ವಾದಕ ಉಸಿರು ಹಿಡಿದು ಕಟ್ಟುವಂಥ ಸಾಲುಗಳನ್ನು ಜಾಕ್ಸನ್ ಸ್ಪಷ್ಟವಾಗಿ ಕಟ್ಟಬಲ್ಲವರಾದರು. 1948ರಲ್ಲಿ ಥಿಲೋನಿಯಸ್ ಮಂಕ್ ಬ್ಲೂ ನೋಟ್ ಕಂಪನಿಗಾಗಿ ‘ಮಿಸ್ಟೀರಿಯೋಸೊ’, ‘ಎವಿಡೆನ್ಸ್’ ಮೊದಲಾದ ರಚನೆಗಳನ್ನು ಧ್ವನಿಮುದ್ರಿಸಿದಾಗ ಜೊತೆಗಿದ್ದವರು ಜಾಕ್ಸನ್. ಮಂಕ್ ಅವರ ಪಿಯಾನೊ ಮೊನಚು, ಮುರಿದ ಮಾತಿನಂಥದ್ದು, ನಡುನಡುವೆ ಧುತ್ತನೆ ಮೌನ. ಅಂಥವರ ಪಕ್ಕದಲ್ಲಿ ಅಲಂಕಾರಕ್ಕಷ್ಟೇ ಒದಗುವ ವಾದ್ಯವಿದ್ದರೆ ಒಂದು ಆವರ್ತವೂ ನಿಲ್ಲುತ್ತಿರಲಿಲ್ಲ. ವಾಡೆವಿಲ್ ರಂಗದಲ್ಲಿ ಬೆರಗಿನ ಸರಕಾಗಿದ್ದ ಪಟ್ಟಿಗಳು ಇಪ್ಪತ್ತೇ ವರ್ಷದಲ್ಲಿ ಆ ಕಾಲದ ಅತ್ಯಂತ ಕಠಿಣ ಸಂಗೀತದೊಡನೆ ಸಮಸಮನಾಗಿ ಮಾತಾಡುತ್ತಿದ್ದವು.

ಇನ್ನೊಂದು ಸಾಕ್ಷ್ಯ ‘ಬ್ಯಾಗ್ಸ್ ಗ್ರೂವ್’. ಕಣ್ಣ ಕೆಳಗಿನ ಚೀಲಗಳಿಂದಾಗಿ ಜಾಕ್ಸನ್‌ಗೆ ಬ್ಯಾಗ್ಸ್ ಎಂಬ ಅಡ್ಡಹೆಸರು. ರಚನೆಯ ಹೆಸರು ಬಂದದ್ದು ಅದರಿಂದ. 1952ರಲ್ಲಿ ಮೊದಲು ಮುದ್ರಿತವಾದ ಇದು ಹನ್ನೆರಡು ಅಳತೆಗಳ ಬ್ಲೂಸ್: ನಾಲ್ಕು ಅಳತೆಯ ಒಂದು ಚಿಕ್ಕ ಸಾಲು, ಅದೇ ಮೂರು ಸಲ. ಇಷ್ಟು ಸರಳವಾದದ್ದನ್ನು ಯಾರೂ ಕೌಶಲ್ಯ ತೋರಿಸಲು ಬರೆಯುವುದಿಲ್ಲ; ಪಲ್ಲವಿಯ ಹಾಗೆ, ಮನೋಧರ್ಮಕ್ಕೆ ನೆಲೆಯಾಗಲೆಂದು ಬರೆಯುತ್ತಾರೆ. 1954ರ ಡಿಸೆಂಬರ್ 24ರಂದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಇದನ್ನು ಧ್ವನಿಮುದ್ರಿಸಿದಾಗ ಪಿಯಾನೊದಲ್ಲಿ ಮಂಕ್, ವೈಬ್ರಾಫೋನಿನಲ್ಲಿ ಸ್ವತಃ ಜಾಕ್ಸನ್ ಇದ್ದರು. ತಾನು ನುಡಿಸುವಾಗ ಹಿಂದೆ ಪಿಯಾನೊ ಬೇಡವೆಂದು ಮೈಲ್ಸ್ ಮಂಕ್‌ಗೆ ಹೇಳಿದ್ದು ಜಾಝ್ ಲೋಕದಲ್ಲಿ ಪ್ರಸಿದ್ಧ. ಜಾಕ್ಸನ್ ಸರದಿ ಬಂದಾಗ ಮಂಕ್ ಪಕ್ಕವಾದ್ಯಕ್ಕೆ ಮರಳುತ್ತಾರೆ. ಆ ಅಡ್ಡಾದಿಡ್ಡಿ ಪೆಟ್ಟುಗಳ ನಡುವೆ ಜಾಕ್ಸನ್ನರ ಸಾಲು ತಡವರಿಸದೆ, ಒಮ್ಮೆ ಗೊಣಗಿ, ಒಮ್ಮೆ ಕೂಗಿ, ಮತ್ತೆ ಸಮಾಧಾನಕ್ಕೆ ಇಳಿಯುತ್ತದೆ. ಬಾಗದ ಲೋಹದಲ್ಲಿ ಬ್ಲೂಸ್ ಸಾಧ್ಯವೇ ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಜಾಕ್ಸನ್ನರ ಬದುಕಿನ ದೊಡ್ಡ ವಾದ ಎದ್ದಿರುವುದು ಮಾಡರ್ನ್ ಜಾಝ್ ಕ್ವಾರ್ಟೆಟ್ ಬಗ್ಗೆ. ಗಿಲೆಸ್ಪಿಯ ದೊಡ್ಡ ತಂಡದಲ್ಲಿ ತುತ್ತೂರಿ ವಾದಕರ ತುಟಿಗೆ ಬಿಡುವು ಕೊಡಲು ಜಾಕ್ಸನ್, ಪಿಯಾನೊದ ಜಾನ್ ಲೂಯಿಸ್, ಬೇಸ್ ವಾದಕ ರೇ ಬ್ರೌನ್, ಡ್ರಮ್ಮಿನ ಕೆನ್ನಿ ಕ್ಲಾರ್ಕ್ ನಡುವೆ ಒಂದಿಷ್ಟು ಹೊತ್ತು ತಾವೇ ನುಡಿಸುತ್ತಿದ್ದರು. ಅದೇ ಮೊಳಕೆ ಮಿಲ್ಟ್ ಜಾಕ್ಸನ್ ಕ್ವಾರ್ಟೆಟ್ ಆಗಿ, 1952ರಲ್ಲಿ ಮಾಡರ್ನ್ ಜಾಝ್ ಕ್ವಾರ್ಟೆಟ್ ಆಯಿತು. ಬ್ರೌನ್ ಜಾಗಕ್ಕೆ ಪರ್ಸಿ ಹೀತ್, 1955ರಲ್ಲಿ ಕ್ಲಾರ್ಕ್ ಜಾಗಕ್ಕೆ ಕೋನಿ ಕೇ ಬಂದರು. ಸಂಗೀತದ ಚುಕ್ಕಾಣಿ ಲೂಯಿಸ್ ಕೈಯಲ್ಲಿತ್ತು. ಒಂದೇ ಸಾಲನ್ನು ಹಲವು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ಬಾಖ್‌ನ ಫ್ಯೂಗ್ ಮಾದರಿಗಳನ್ನು ಅವರು ಜಾಝ್‌ಗೆ ತಂದರು, ಕ್ಲಬ್ಬು ಬಿಟ್ಟು ಕಚೇರಿ ಸಭಾಂಗಣಕ್ಕೆ ನಡೆದರು, ನಾಲ್ವರಿಗೂ ಟಕ್ಸಿಡೊ ಉಡುಪು ತೊಡಿಸಿದರು. ಲೂಯಿಸ್ ಚೌಕಟ್ಟು ಜಾಕ್ಸನ್‌ರ ಕೈ ಕಟ್ಟಿತು, ಬ್ಲೂಸ್ ಹಕ್ಕಿಯನ್ನು ಪಂಜರಕ್ಕೆ ಹಾಕಿತು ಎಂದು ಅಂದಿನಿಂದ ಇಂದಿನವರೆಗೂ ಅನೇಕ ವಿಮರ್ಶಕರು ಬರೆದಿದ್ದಾರೆ. ಜಾಕ್ಸನ್ ಕೂಡ ತಮಗೆ ಇನ್ನಷ್ಟು ಬಿಡುಬೀಸಾಗಿ ನುಡಿಸುವ ಆಸೆಯಿದ್ದುದನ್ನು ಮುಚ್ಚಿಡಲಿಲ್ಲ. ಆದ್ದರಿಂದ ಈ ಆಕ್ಷೇಪವನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ಧ್ವನಿಮುದ್ರಿಕೆಗಳನ್ನು ಕೇಳಿದರೆ ಬೇರೆಯದೇ ತಿಳಿಯುತ್ತದೆ. ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್ ನೆನಪಿಗೆ ಲೂಯಿಸ್ ಬರೆದ ‘ಜಾಂಗೊ’ (1954) ಶವಯಾತ್ರೆಯ ಗಾಂಭೀರ್ಯದಲ್ಲಿ ತೊಡಗುತ್ತದೆ. ಆ ಬಿಗಿಯಿಂದ ಜಾಕ್ಸನ್ನರ ಮನೋಧರ್ಮ ಬಿಡುಗಡೆಯಾಗುವ ಗಳಿಗೆಗೆ ಬರುವ ಬೆಲೆ ಆ ಬಿಗಿಯಿಂದಲೇ ಬಂದದ್ದು. ಲೂಯಿಸ್ ರಚನೆಯಲ್ಲಿ ಮಾಡಿದ್ದನ್ನೇ ಜಾಕ್ಸನ್ ಮೋಟಾರಿನಲ್ಲಿ ಮಾಡಿದ್ದರು: ಹೆಚ್ಚಿನದನ್ನು ತೆಗೆದುಹಾಕಿ, ಉಳಿದ ದನಿಗೆ ಜಾಗ ಮಾಡುವುದು. ಇಬ್ಬರ ನಡುವೆ ಮನಸ್ತಾಪ ಇತ್ತೆನ್ನುವುದು ನಿಜ. ಇಬ್ಬರ ತತ್ತ್ವ ವಿರುದ್ಧವಾಗಿತ್ತೆನ್ನುವುದು ಅಲ್ಲ.

ಇದಕ್ಕೆ ಪುರಾವೆ ತಂಡದ ಹೊರಗಿನ ಅವರ ಮುದ್ರಿಕೆಗಳಲ್ಲೂ ಇದೆ. 1957ರಲ್ಲಿ ರೇ ಚಾರ್ಲ್ಸ್ ಜೊತೆ ಮಾಡಿದ ‘ಸೋಲ್ ಬ್ರದರ್ಸ್’, 1959ರಲ್ಲಿ ಜಾನ್ ಕೋಲ್ಟ್ರೇನ್ ಜೊತೆ ‘ಬ್ಯಾಗ್ಸ್ ಆ್ಯಂಡ್ ಟ್ರೇನ್’, 1961ರಲ್ಲಿ ವೆಸ್ ಮಾಂಟ್ಗಮರಿ ಜೊತೆ ‘ಬ್ಯಾಗ್ಸ್ ಮೀಟ್ಸ್ ವೆಸ್’: ಇವುಗಳಲ್ಲಿ ಟಕ್ಸಿಡೊ ಇಲ್ಲ, ಫ್ಯೂಗ್ ಇಲ್ಲ, ಚೌಕಟ್ಟು ಸಡಿಲ. ಆದರೂ ಜಾಕ್ಸನ್ನರ ದನಿ ಅದೇ. ಪಂಜರ ಅವರ ಹಾಡನ್ನು ಕೆಡಿಸಿದ್ದರೆ ಹೊರಗೆ ಬೇರೊಬ್ಬ ಜಾಕ್ಸನ್ ಕೇಳಬೇಕಿತ್ತು. ಅವರು 1974ರಲ್ಲಿ ತಂಡ ಬಿಟ್ಟದ್ದೇ ಪಂಜರವಾದಕ್ಕೆ ಸಾಕ್ಷಿ ಎನ್ನುವವರು ಆ ನಿರ್ಗಮನದ ದೊಡ್ಡ ಕಾರಣವನ್ನು ಮರೆಯುತ್ತಾರೆ. ಅದು ಹಣ. ರಾಕ್ ಸಂಗೀತಗಾರರು ಒಂದೇ ರಾತ್ರಿಯಲ್ಲಿ ಗಳಿಸುವುದಕ್ಕೂ, ಇಪ್ಪತ್ತೆರಡು ವರ್ಷ ಲೋಕ ಸುತ್ತಿದ ಜಾಝ್ ಕಲಾವಿದನ ಪಾಲಿಗೆ ಬರುವುದಕ್ಕೂ ಇದ್ದ ಅಂತರ ಅವರನ್ನು ನೋಯಿಸಿತ್ತು, ಮತ್ತು ಅದನ್ನು ಅವರು ಬಹಿರಂಗವಾಗಿ ಹೇಳಿದರು. ಆ ನೋವು ನ್ಯಾಯವಾದದ್ದು. ಬೀಟಲ್ಸ್ ಬಳಗದ ಆ್ಯಪಲ್ ಕಂಪನಿಯೇ 1968ರ ಹೊತ್ತಿಗೆ ಈ ತಂಡದ ಮುದ್ರಿಕೆ ಹೊರತಂದಿತ್ತು. ಗೌರವಕ್ಕೆ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ಸಂಪಾದನೆಗೆ. 1974ರ ನವೆಂಬರಿನಲ್ಲಿ ನ್ಯೂಯಾರ್ಕಿನ ಏವರಿ ಫಿಷರ್ ಹಾಲಿನಲ್ಲಿ ಕೊನೆಯ ಕಚೇರಿಯೆಂದು ನುಡಿಸಿ ಅವರು ಬೇರೆಯಾದರು. ಜಾಕ್ಸನ್ ಏಳು ವರ್ಷ ತಮ್ಮದೇ ಹೆಸರಿನಲ್ಲಿ ಊರೂರು ತಿರುಗಿ, ಪಾಬ್ಲೊ ಕಂಪನಿಗೆ ಒಂದರ ಮೇಲೊಂದು ಮುದ್ರಿಕೆ ಕೊಟ್ಟ ಮೇಲೆ, 1981ರಲ್ಲಿ ನಾಲ್ವರೂ ಮತ್ತೆ ಸೇರಿದರು. ಮರಳಿದ್ದಕ್ಕೆ ಕಚೇರಿಗಳ ಒಳ್ಳೆಯ ಸಂಭಾವನೆಯೂ ಕಾರಣವಿರಬಹುದು. ಆದರೆ ಸಂಭಾವನೆ ಏರಲು ಕಾರಣ, ಆ ನಾಲ್ವರ ಕೂಡಿಕೆಯಲ್ಲಿ ಕೇಳುವ ಜಾಕ್ಸನ್‌ಗಾಗಿ ರಸಿಕರು ಕಾದಿದ್ದದ್ದು.

ಕೊನೆಯ ಆಕ್ಷೇಪ ನನ್ನ ವಾದದ ಬುಡಕ್ಕೇ ಕೈಹಾಕುವಂಥದ್ದು. ಮೋಟಾರಿನ ಕಂಪನವನ್ನು ಬಿಟ್ಟುಕೊಡುವುದೇ ಹಿರಿಮೆಯಾದರೆ, ಅದನ್ನು ಪೂರ್ತಿ ನಿಲ್ಲಿಸಿದವರು ಜಾಕ್ಸನ್‌ಗಿಂತ ಹಿರಿಯರಲ್ಲವೇ? ಝೈಲೊಫೋನಿನಿಂದ ಬಂದ ರೆಡ್ ನಾರ್ವೊ ವೈಬ್ರಾಫೋನನ್ನು ಮೋಟಾರಿನ ಹಂಗಿಲ್ಲದೆ ನುಡಿಸಿದರು. 1943ರಲ್ಲಿ ಹುಟ್ಟಿದ ಗ್ಯಾರಿ ಬರ್ಟನ್ 1960ರ ದಶಕದಲ್ಲಿ ಕಂಪನವನ್ನು ಬದಿಗಿಟ್ಟು, ಎರಡು ಕೈಯಲ್ಲಿ ನಾಲ್ಕು ಕೋಲು ಹಿಡಿದು, ಪಿಯಾನೊದ ಹಾಗೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಬಾನಿಯನ್ನು ಬೆಳೆಸಿದರು. ಅವರ ಹಿಡಿತವನ್ನು ಇಂದು ಲೋಕದೆಲ್ಲೆಡೆ ಕಲಿಸುತ್ತಾರೆ. ಜಾಕ್ಸನ್ ಬಹುಪಾಲು ಎರಡೇ ಕೋಲಿನವರು; ತಂತ್ರದ ದೃಷ್ಟಿಯಿಂದ ವಾದ್ಯ ಅವರನ್ನು ದಾಟಿ ಮುಂದೆ ಹೋಯಿತು ಎಂಬುದನ್ನು ಒಪ್ಪಲೇಬೇಕು. ಆದರೆ ಕಡಿಮೆ ಮಾಡುವುದೇ ಗುರಿ ಎಂದು ನಾನು ಹೇಳುತ್ತಿಲ್ಲ. ಬರ್ಟನ್ ತಲುಪಬೇಕೆಂದದ್ದು ಪಿಯಾನೊದ ಹಾರ್ಮನಿಗೆ, ಅದಕ್ಕೆ ಕಂಪನ ಅಡ್ಡಿ. ಜಾಕ್ಸನ್ ತಲುಪಬೇಕೆಂದದ್ದು ಒಬ್ಬ ಹಾಡುಗಾರನ ಒಂಟಿ ಸಾಲಿಗೆ, ಅದಕ್ಕೆ ಕೊರಳಿನಷ್ಟು ಕಂಪನ ಬೇಕು. ಎರಡೂ ಕಡೆ ಮೋಟಾರಿನ ವೇಗವನ್ನು ತೀರ್ಮಾನಿಸಿದ್ದು ಸಂಗೀತ. ಹಾಗೆ ನೋಡಿದರೆ ಮೋಟಾರು ಆರಿಸಿದ ಬರ್ಟನ್ ಕೂಡ ಜಾಕ್ಸನ್ ತೆರೆದ ದಾರಿಯಲ್ಲೇ ನಡೆದವರು.

ಪಾಬ್ಲೊ ಕಂಪನಿಗಾಗಿ 1978ರಲ್ಲಿ ಧ್ವನಿಮುದ್ರಿಸಿದ ‘ಸೋಲ್ ಬಿಲೀವರ್’ ಮುದ್ರಿಕೆಯಲ್ಲಿ ಜಾಕ್ಸನ್ ಸ್ವತಃ ಹಾಡಿದ್ದಾರೆ. ಅವರ ಹೆಸರನ್ನು ಉಳಿಸಿರುವುದು ಆ ಹಾಡುಗಾರಿಕೆಯಲ್ಲ. ಹರೆಯದಲ್ಲಿ ಡೆಟ್ರಾಯಿಟ್‌ನ ಗಾಸ್ಪೆಲ್ ತಂಡದಲ್ಲಿ ಹಾಡಿದ ಕೊರಳು ತನ್ನ ನಿಜವಾದ ನೆಲೆ ಕಂಡುಕೊಂಡದ್ದು ಅಲ್ಯೂಮಿನಿಯಂ ಪಟ್ಟಿಗಳಲ್ಲಿ. 1999ರ ಅಕ್ಟೋಬರ್ 9ರಂದು ನ್ಯೂಯಾರ್ಕಿನಲ್ಲಿ ಅವರು ತೀರಿಕೊಂಡರು. ಆ ಹೊತ್ತಿಗೆ ಅವರ ಉತ್ತರಾಧಿಕಾರ ಬಹಳ ದೂರ ಸಾಗಿತ್ತು. 1954ರ ಆ ಡಿಸೆಂಬರ್ ದಿನವೇ ಮೈಲ್ಸ್ ಡೇವಿಸ್ ಜೊತೆ ಮುದ್ರಿಸಿದ ‘ಬೆಮ್ಷಾ ಸ್ವಿಂಗ್’ ಅನ್ನು ಕ್ಯಾಲಿಫೋರ್ನಿಯಾದ ಹುಡುಗನೊಬ್ಬ ಕೇಳಿದ, ಕೇಳಿದವನು ವೈಬ್ರಾಫೋನ್ ಹಿಡಿದ. ಆತ ಬಾಬಿ ಹಚರ್ಸನ್. ಹತ್ತು ವರ್ಷಗಳ ಬಳಿಕ, 1964ರಲ್ಲಿ, ಎರಿಕ್ ಡಾಲ್ಫಿಯ ‘ಔಟ್ ಟು ಲಂಚ್’ ಮುದ್ರಿಕೆಯಲ್ಲಿ ಹಚರ್ಸನ್ ನುಡಿಸಿದ್ದು ಜಾಕ್ಸನ್ನರ ಬ್ಲೂಸ್‌ನಂತೆ ಒಂದಿಷ್ಟೂ ಕೇಳುವುದಿಲ್ಲ: ಒಣ, ಚೂಪು, ಎಲ್ಲೆಲ್ಲಿಂದಲೋ ಸಿಡಿಯುವ ಸ್ವರಗಳು. ಜಾಕ್ಸನ್ ತಮ್ಮ ಬಾನಿಯನ್ನಷ್ಟೇ ಬಿಟ್ಟುಹೋಗಿದ್ದರೆ ಹಚರ್ಸನ್ ಅದರ ನಕಲಾಗಬೇಕಿತ್ತು. ಅವರು ಬಿಟ್ಟುಹೋದದ್ದು, ಈ ವಾದ್ಯದ ಮುಂದೆ ನಿಂತವರು ಮೊದಲ ಪೆಟ್ಟಿಗೂ ಮುಂಚೆ ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು: ನನ್ನ ಹಾಡಿಗೆ ಈ ಮೋಟಾರು ಎಷ್ಟು ಬೇಕು?